ದೊಡ್ಡ ಗೂಡಿನಲ್ಲಿ ಸಣ್ಣ ತೋಟಾ

.357 ಮ್ಯಾಗ್ನಮ್ ರಿವಾಲ್ವರಿನ ಗೂಡಿಗೆ .38 ಸ್ಪೆಷಲ್ ತೋಟಾ ಸಲೀಸಾಗಿ ಇಳಿಯುತ್ತದೆ, ಸರಿಯಾಗಿ ಕೂರುತ್ತದೆ, ಯಾವ ಅಪಾಯವೂ ಇಲ್ಲದೆ ಹಾರುತ್ತದೆ. ತಿರುಗಾಮುರುಗಾ ಮಾಡಲು ಹೋದರೆ ಆಗದು. .38ರ ರಿವಾಲ್ವರಿಗೆ .357ರ ತೋಟಾ ತುರುಕಿದರೆ ಅದು ಪೂರ್ತಿ ಒಳಗೆ ಹೋಗದೆ ಹೊರಗೇ ಚಾಚಿಕೊಳ್ಳುತ್ತದೆ, ಸಿಲಿಂಡರ್ ಮುಚ್ಚುವುದಿಲ್ಲ. ಹೆಸರಿನಲ್ಲಿ ಒಂದು 38, ಇನ್ನೊಂದು 357 ಎಂದಿದ್ದರೂ ಎರಡರ ಗುಂಡಿನ ಅಡ್ಡಳತೆಯೂ 9.07 ಮಿಲಿಮೀಟರ್ ಆಸುಪಾಸಿನದೇ. ಕವಚದ ದಪ್ಪ ಒಂದೇ, ಹಿಂಬದಿಯ ಅಂಚೂ ಒಂದೇ. ಬೇರೆಯಾಗಿರುವುದು ಉದ್ದ: .38ರ ಕವಚ 29.3 ಮಿಲಿಮೀಟರ್, .357ರದ್ದು 32.8. ಈ ಮೂರೂವರೆ ಮಿಲಿಮೀಟರ್ ಯಾರೋ ಬೇಕೆಂದೇ ಸೇರಿಸಿದ್ದು.

.38 ಸ್ಪೆಷಲ್ ಅನ್ನು ಅಮೆರಿಕದ ಸ್ಮಿತ್ ಆ್ಯಂಡ್ ವೆಸನ್ ಕಂಪನಿ 1898ರಲ್ಲಿ ರೂಪಿಸಿತು. ಅದು ಕಪ್ಪು ಮದ್ದಿನಿಂದ ಹೊಗೆರಹಿತ ಮದ್ದಿಗೆ ಜಗತ್ತು ಹೊರಳುತ್ತಿದ್ದ ಕಾಲ. ಕಪ್ಪು ಮದ್ದು ಹೆಚ್ಚು ಜಾಗ ಬೇಡುತ್ತದೆ, ಆದ್ದರಿಂದ ಕವಚ ಉದಾರವಾಗಿಯೇ ಇತ್ತು. ಹೊಸ ಮದ್ದು ಬಂದಮೇಲೆ ಅದೇ ಕವಚದಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಉಳಿಯತೊಡಗಿತು. ಖಾಲಿ ಜಾಗ ಕಂಡವರಿಗೆ ಅದನ್ನು ತುಂಬುವ ಆಸೆ ಹುಟ್ಟುವುದು ಸಹಜ. 1930ರ ಹೊತ್ತಿಗೆ ಭಾರಿ ಚೌಕಟ್ಟಿನ ರಿವಾಲ್ವರುಗಳಿಗೆಂದೇ ಹೆಚ್ಚು ಮದ್ದು ತುಂಬಿದ .38 ತೋಟಾಗಳು ಮಾರುಕಟ್ಟೆಗೆ ಬಂದವು. ತೊಡಕು ಇದ್ದದ್ದು ಅಲ್ಲೇ. ನೋಡಲು ಎಲ್ಲ ಒಂದೇ ಥರ, ಹಳೆಯ ಹಗುರ ರಿವಾಲ್ವರಿಗೂ ಅವು ಹಿಡಿಯುತ್ತಿದ್ದವು. ಎಲ್ಮರ್ ಕೀತ್, ಫಿಲಿಪ್ ಶಾರ್ಪ್, ಡಗ್ಲಸ್ ವೆಸನ್ ಮೊದಲಾದವರ ಪ್ರಯೋಗಗಳಿಂದ 1935ರಲ್ಲಿ .357 ಮ್ಯಾಗ್ನಮ್ ಮಾರಾಟಕ್ಕೆ ಬಂದಾಗ ಕವಚವನ್ನು ಉದ್ದ ಮಾಡಿದ್ದು ಮದ್ದಿಗೆ ಜಾಗ ಸಾಲದೆ ಅಲ್ಲ. ಹಳೆಯ ಗೂಡುಗಳು ಅದನ್ನು ಒಳಗೆ ಬಿಟ್ಟುಕೊಳ್ಳಬಾರದು ಎಂದು.

ಒತ್ತಡದ ಅಂಕಿ ನೋಡಿದರೆ ಈ ಎಚ್ಚರಿಕೆ ಅತಿಯಲ್ಲ. ಅಮೆರಿಕದ ಉದ್ಯಮ ಮಾನದಂಡದಂತೆ .38 ಸ್ಪೆಷಲ್‌ನ ಗರಿಷ್ಠ ಒತ್ತಡ ಚದರ ಇಂಚಿಗೆ 17,000 ಪೌಂಡ್, ಅಂದರೆ ವಾಯುಭಾರದ ಸುಮಾರು 1150 ಪಟ್ಟು. .357ಕ್ಕೆ ಅದು 35,000 ಪೌಂಡ್, ಎರಡು ಪಟ್ಟಿಗೂ ಮೇಲೆ. ಈ ಎರಡನೆಯ ಒತ್ತಡವನ್ನು ಸಾವಿರಾರು ಬಾರಿ ತಾಳುವಂತೆ ಕಟ್ಟಿದ ಉಕ್ಕಿಗೆ ಮೊದಲನೆಯದು ಲೆಕ್ಕಕ್ಕೇ ಇಲ್ಲ. ಗೂಡಿನ ಬಲ ಗರಿಷ್ಠ ಮಿತಿಯನ್ನು ಮಾತ್ರ ಹೇಳುತ್ತದೆ. ಇಷ್ಟಾದರೂ ಒತ್ತಡ ಬೇಕೇ ಬೇಕು ಎಂದು ಉಕ್ಕು ಕೇಳುವುದಿಲ್ಲ. ಹಾಗೆ ಕೇಳುವ ಸಂಗತಿಗಳು ಬೇರೆ ಇವೆ, ಅವು ಮುಂದೆ ಬರುತ್ತವೆ.

ಉದ್ದ ಕಡಿಮೆಯಿದ್ದರೂ ತೋಟಾ ಗೂಡಿನೊಳಕ್ಕೆ ಜಾರಿಹೋಗದಿರುವುದು ಹಿಂಬದಿಯ ಅಂಚಿನಿಂದ. ಅದು ಸಿಲಿಂಡರಿನ ಹಿಂಬದಿಗೆ ಒರಗಿ ನಿಲ್ಲುವುದರಿಂದ ಹೊಡೆಮುಳ್ಳಿಗೂ ಕೇಪಿಗೂ ನಡುವಿನ ದೂರ ಎರಡೂ ತೋಟಾಗಳಿಗೆ ಒಂದೇ. ಅಂಚಿಲ್ಲದ ಪಿಸ್ತೂಲು ತೋಟಾಗಳಿಗೆ ಈ ಅನುಕೂಲವಿಲ್ಲ. ಅವು ಕವಚದ ಬಾಯಿಯ ಮೇಲೆ ನಿಂತಿರುತ್ತವೆ. ಗಿಡ್ಡ ಕವಚ ಹಾಕಿದರೆ ಆಧಾರ ತಪ್ಪುತ್ತದೆ. ಅದಲ್ಲದೆ ಪಿಸ್ತೂಲು ತನ್ನ ಹೊಡೆತದ ಶಕ್ತಿಯಿಂದಲೇ ಖಾಲಿ ಕವಚವನ್ನು ಹೊರಗೆಸೆದು ಮುಂದಿನದನ್ನು ತುಂಬಿಕೊಳ್ಳುವ ಯಂತ್ರ. ಮದ್ದು ಮೆದುವಾದರೆ ಯಂತ್ರ ಅರ್ಧದಲ್ಲೇ ನಿಲ್ಲುತ್ತದೆ. ರಿವಾಲ್ವರಿನ ಸಿಲಿಂಡರನ್ನು ತಿರುಗಿಸುವುದು ಬೆರಳು. ಎಂಥ ದುರ್ಬಲ ತೋಟಾ ಇದ್ದರೂ ಅದು ತಿರುಗಿಯೇ ತಿರುಗುತ್ತದೆ. ಇದು ರಿವಾಲ್ವರಿನ ಗುಣ. ಒಂದು ಸಂದರ್ಭದಲ್ಲಿ ಮಾತ್ರ ಇದೇ ಅದರ ದೋಷ.

ಸಣ್ಣ ತೋಟಾ ಯಾಕೆ ಬೇಕು? ಲೆಕ್ಕ ಹಾಕಿ ನೋಡಬಹುದು. 10.2 ಗ್ರಾಂ ತೂಕದ ಗುಂಡು .38ರಿಂದ ಸೆಕೆಂಡಿಗೆ ಸುಮಾರು 230 ಮೀಟರ್, .357ರಿಂದ ಸುಮಾರು 375 ಮೀಟರ್ ವೇಗದಲ್ಲಿ ಹೊರಡುತ್ತದೆ. ಚಲನಶಕ್ತಿ ಮೊದಲನೆಯದರಲ್ಲಿ 270 ಜೂಲ್, ಎರಡನೆಯದರಲ್ಲಿ 720. ಗುಂಡು ಮುಂದಕ್ಕೆ ಪಡೆದ ಸಂವೇಗದಷ್ಟನ್ನೇ ರಿವಾಲ್ವರ್ ಹಿಂದಕ್ಕೆ ಪಡೆಯುತ್ತದೆ. ಆಯುಧದ ತೂಕ 1.1 ಕಿಲೋ ಎಂದಿಟ್ಟುಕೊಂಡರೆ ಅದು ಅಂಗೈಗೆ ಬಂದು ಬಡಿಯುವ ವೇಗ ಸೆಕೆಂಡಿಗೆ 2.1 ಮೀಟರಿನಿಂದ 3.5 ಮೀಟರಿಗೆ ಏರುತ್ತದೆ. ಕೈ ಅರಗಿಸಿಕೊಳ್ಳಬೇಕಾದ ಶಕ್ತಿ ವೇಗದ ವರ್ಗದಂತೆ ಬೆಳೆಯುವುದರಿಂದ ಅದು ಎರಡೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ನಳಿಗೆಯಿಂದ ಹೊರಚಿಮ್ಮುವ ಅನಿಲದ ಪಾಲನ್ನೂ ಸೇರಿಸಿದರೆ ಮೂರು ಪಟ್ಟು ದಾಟುತ್ತದೆ. ಇದರ ಮೇಲೆ ಕಿವಿ ಗುಂಯ್‌ಗುಡಿಸುವ ಸದ್ದು, ಕಣ್ಣು ಕುಕ್ಕುವ ಬೆಂಕಿ. ಹೊಸದಾಗಿ ಕಲಿಯುವವರು ಟ್ರಿಗರ್ ಎಳೆಯುವ ಮೊದಲೇ ಕಣ್ಣುಮುಚ್ಚಿ ಕೈ ಅದುರಿಸುವ ಚಾಳಿಗೆ ಬೀಳುವುದು ಇಲ್ಲೇ, ಮತ್ತು ಒಮ್ಮೆ ಅಂಟಿದ ಆ ಚಾಳಿ ಬಿಡುವುದು ಕಷ್ಟ. ಆಯುಧಕ್ಕೂ ಸಣ್ಣ ತೋಟಾ ಹಿತ. 1955ರಲ್ಲಿ ಮಧ್ಯಮ ಚೌಕಟ್ಟಿನಲ್ಲಿ ಬಂದ ಸ್ಮಿತ್ ಆ್ಯಂಡ್ ವೆಸನ್ ಮಾಡೆಲ್ 19, ಅಭ್ಯಾಸಕ್ಕೆ .38, ಕರ್ತವ್ಯಕ್ಕೆ .357 ಎಂಬ ಎಣಿಕೆಯ ಮೇಲೆಯೇ ನಿಂತಿದ್ದ ಆಯುಧ. ಬರೀ ಮ್ಯಾಗ್ನಮ್ ಉಪಯೋಗಿಸಿದವರ ಕೈಯಲ್ಲಿ, ಅದರಲ್ಲೂ ಹಗುರ ಗುಂಡಿನ ಬಿಸಿ ತೋಟಾಗಳಿಂದ, ನಳಿಗೆಯ ಹಿಂತುದಿ ಬಿರುಕು ಬಿಟ್ಟ ಉದಾಹರಣೆಗಳಿವೆ.

ಆದರೆ ಅಭ್ಯಾಸ ಒಂದರಲ್ಲಿ, ಕೆಲಸ ಇನ್ನೊಂದರಲ್ಲಿ ಎಂಬ ಏರ್ಪಾಡಿಗೂ ಬೆಲೆ ತೆರಬೇಕಾಗುತ್ತದೆ. 1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್‌ನಲ್ಲಿ ನಾಲ್ವರು ಹೆದ್ದಾರಿ ಪೊಲೀಸರು ಹತರಾದ ಮೇಲೆ ನಡೆದ ಚರ್ಚೆಯಲ್ಲಿ, ಮೆದು .38ರಲ್ಲಿ ತರಬೇತಿ ಪಡೆದು ಬಿರುಸಿನ .357 ಹೊತ್ತು ಬೀದಿಗಿಳಿಯುವ ಪದ್ಧತಿ ಟೀಕೆಗೆ ಗುರಿಯಾಯಿತು. ಕೈ ಪಳಗಿಸಲು ಸಣ್ಣದು ಒಳ್ಳೆಯದು. ಪಳಗಿದ ಕೈಗೆ ದೊಡ್ಡದರ ಪರಿಚಯವೂ ಬೇಕು ಎಂಬುದನ್ನು ಪೊಲೀಸ್ ತರಬೇತಿ ಆ ಬಳಿಕ ಗಂಭೀರವಾಗಿ ತೆಗೆದುಕೊಂಡಿತು.

ಇನ್ನು ಆ ಮೂರೂವರೆ ಮಿಲಿಮೀಟರ್ ತೆರಪಿನ ವಿಷಯ. ಗಿಡ್ಡ ಕವಚದ ಬಾಯಿಗೂ ಗೂಡಿನ ಮುಂದಿನ ಕಿರುಗಂಟಲಿಗೂ ನಡುವೆ ಖಾಲಿ ಉಳಿದ ಈ ಪಟ್ಟಿಯ ಅಗಲ ಕವಚದ ಅಗಲದಷ್ಟು, ಅಂದರೆ ಗುಂಡಿಗಿಂತ ಅರ್ಧ ಮಿಲಿಮೀಟರ್ ಹೆಚ್ಚು. ಉದ್ದ ಮೂತಿಯ ಗುಂಡಿನ ತುದಿ ಆಗಲೇ ಗಂಟಲೊಳಗೆ ಇರುವುದರಿಂದ ಅದಕ್ಕೆ ದಾರಿ ತಪ್ಪುವುದಿಲ್ಲ. ಗುರಿ ಅಭ್ಯಾಸಕ್ಕೆ ಬಳಸುವ ಚಪ್ಪಟೆ ಮೂತಿಯ ಸೀಸದ ಗುಂಡು ಪೂರ್ತಿ ಕವಚದೊಳಗೇ ಹುದುಗಿರುತ್ತದೆ. ಅದು ಈ ತೆರಪನ್ನು ಆಸರೆಯಿಲ್ಲದೆ ಜಿಗಿಯಬೇಕು. ಆ ಕ್ಷಣದಲ್ಲಿ ಬಿಸಿ ಅನಿಲ ಗುಂಡಿನ ಪಕ್ಕದಿಂದ ನುಸುಳಿ ಸೀಸವನ್ನು ಸವರಿಕೊಂಡು ಹೋಗುತ್ತದೆ. ವೇಗ ಸ್ವಲ್ಪ ಕುಂದಬಹುದು, ಗುರಿ ಕೂದಲೆಳೆಯಷ್ಟು ಚದುರಬಹುದು. ಸಾಮಾನ್ಯ ಕೈಗಳಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ.

ತಿಳಿಯುವುದು ಮಸಿ. ನೂರಾರು .38 ಹಾರಿಸಿದ ಮೇಲೆ ಸೀಸ, ಮೇಣ, ಸುಟ್ಟ ಮದ್ದಿನ ಕಿಟ್ಟ ಎಲ್ಲ ಸೇರಿ ಆ ತೆರಪಿನಲ್ಲಿ ಉಂಗುರದಂತೆ ಕಟ್ಟಿಕೊಳ್ಳುತ್ತದೆ. ಆಮೇಲೆ ಉದ್ದನೆಯ .357 ತೋಟಾ ಹಾಕಿದರೆ ಅದರ ಬಾಯಿ ಈ ಉಂಗುರಕ್ಕೆ ತಾಗಿ ಒಳಗೆ ಹೋಗಲು ಹಟಮಾಡುತ್ತದೆ. ಹೆಬ್ಬೆರಳಿನಿಂದ ಒತ್ತಿ ಕೂರಿಸುವವರಿದ್ದಾರೆ, ಅದು ಸರಿಯಲ್ಲ. ಹೊಡೆಯುವಾಗ ಕವಚದ ಬಾಯಿ ಸ್ವಲ್ಪ ಅರಳಿ ಗುಂಡನ್ನು ಬಿಟ್ಟುಕೊಡಬೇಕು, ಅರಳಲು ಜಾಗವಿಲ್ಲದಿದ್ದರೆ ಒತ್ತಡ ಏರುತ್ತದೆ, ಖಾಲಿ ಕವಚ ಗೂಡಿಗೆ ಕಚ್ಚಿಕೊಳ್ಳುತ್ತದೆ. ಕಂಚಿನ ಬ್ರಷ್ಷು, ದ್ರಾವಕ, ಐದು ನಿಮಿಷದ ತಾಳ್ಮೆ, ಇಷ್ಟೇ ಇದಕ್ಕೆ ಪರಿಹಾರ.

ಎರಡನೆಯ ತೆರಪು ಕವಚದ ಒಳಗಿನದು. ಹೊಗೆರಹಿತ ಮದ್ದು ಉರಿಯುವ ವೇಗ ಸುತ್ತಲಿನ ಒತ್ತಡವನ್ನು ಅವಲಂಬಿಸಿದೆ. ಒತ್ತಡ ಏರಿದಷ್ಟೂ ಚುರುಕು, ಇಳಿದಷ್ಟೂ ಮಂಕು. ಮದ್ದು ತೀರಾ ಕಡಿಮೆಯಾಗಿ ಜಾಗ ತೀರಾ ಹೆಚ್ಚಾದರೆ ಅದು ಕವಚದ ಮುಂದುಗಡೆ ಬಿದ್ದಿದೆಯೋ ಕೇಪಿನ ಬಳಿ ಬಿದ್ದಿದೆಯೋ ಎಂಬುದೂ ಫಲಿತಾಂಶವನ್ನು ಬದಲಿಸುತ್ತದೆ. ಉಕ್ಕು ಕೇಳದ ಕನಿಷ್ಠ ಮಿತಿಯನ್ನು ಕೇಳುವುದು ಈ ಉರಿ, ಮತ್ತು ಗುಂಡಿಗೂ ನಳಿಗೆಗೂ ನಡುವಿನ ಘರ್ಷಣೆ. ಸಾಲದ ಒತ್ತಡದಲ್ಲಿ ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಸದ್ದು ಢಮ್ ಎನ್ನದೆ ಟುಸ್ ಎನ್ನುತ್ತದೆ. ಪಿಸ್ತೂಲಾದರೆ ಇಲ್ಲಿ ಯಂತ್ರ ನಿಂತು ಎಚ್ಚರಿಸುವ ಸಂಭವವಿದೆ. ರಿವಾಲ್ವರಿನಲ್ಲಿ ಬೆರಳು ಮುಂದಿನ ಗೂಡನ್ನು ತಂದು ನಿಲ್ಲಿಸುತ್ತದೆ, ಸಿಕ್ಕಿಕೊಂಡ ಗುಂಡಿನ ಬೆನ್ನಿಗೆ ಇನ್ನೊಂದು ಬಂದು ಗುದ್ದುತ್ತದೆ, ನಳಿಗೆ ಊದಿಕೊಳ್ಳುತ್ತದೆ ಇಲ್ಲವೇ ಸೀಳುತ್ತದೆ. ಅಭ್ಯಾಸದ ಮೆದು ತೋಟಾಗಳಿಗೆ ತಾಮ್ರದ ಹೊದಿಕೆಯಿಲ್ಲದ ಬರೀ ಸೀಸದ ಗುಂಡು ಕೂರಿಸುವುದಕ್ಕೆ ಇದೂ ಒಂದು ಕಾರಣ. ಮೆದು ಸೀಸ ಕಡಿಮೆ ನೂಕಿನಲ್ಲೂ ನಳಿಗೆ ದಾಟುತ್ತದೆ. ಸದ್ದು ವಿಚಿತ್ರವಾಗಿ ಕೇಳಿದರೆ ಆಯುಧ ಖಾಲಿ ಮಾಡಿ ನಳಿಗೆ ನೋಡಿದ ಮೇಲೆಯೇ ಮುಂದಿನ ಮಾತು.

ಒಂದೇ ವಂಶದ ಸಣ್ಣದು ದೊಡ್ಡದರಲ್ಲಿ ನಡೆಯುವ ಜೋಡಿಗಳು ಇನ್ನೂ ಇವೆ. 1907ರ .44 ಸ್ಪೆಷಲ್ 1955ರ .44 ಮ್ಯಾಗ್ನಮ್‌ನಲ್ಲಿ ನಡೆಯುತ್ತದೆ. ಭಾರತದಲ್ಲಿ ಹೆಚ್ಚು ಕಾಣುವುದು .32 ಸ್ಮಿತ್ ಆ್ಯಂಡ್ ವೆಸನ್ ಲಾಂಗ್. ಕಾನ್ಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾಗುವ ನಾಗರಿಕ ರಿವಾಲ್ವರುಗಳು, 2014ರಲ್ಲಿ ಬಂದ ಹಗುರ ‘ನಿರ್ಭೀಕ್’ ಸಹಿತ, ಇದಕ್ಕೇ ಕೊರೆದವು. 1896ರ ಈ ತೋಟಾ ತನ್ನ ಮರಿಮೊಮ್ಮಗನಂತಿರುವ .327 ಫೆಡರಲ್ ಮ್ಯಾಗ್ನಮ್ ರಿವಾಲ್ವರಿನಲ್ಲಿ ಹಾರಬಲ್ಲದು. ಕಾನ್ಪುರದ ರಿವಾಲ್ವರ್ ತನ್ನ ತೋಟಾಕ್ಕಿಂತ ಗಿಡ್ಡನೆಯ, 1878ರ .32 ಸ್ಮಿತ್ ಆ್ಯಂಡ್ ವೆಸನ್ ತೋಟಾವನ್ನು ಒಪ್ಪಬಲ್ಲದು. ಆದರೆ ಹೆಸರು ಹೋಲಿದ ಮಾತ್ರಕ್ಕೆ ವಂಶ ಒಂದೇ ಅಲ್ಲ. ನಮ್ಮ ಪೊಲೀಸರು ದಶಕಗಳ ಕಾಲ ಸೊಂಟಕ್ಕೆ ಕಟ್ಟಿದ ವೆಬ್ಲಿ, ಎನ್‌ಫೀಲ್ಡ್‌ಗಳ .38, ಅಮೆರಿಕದ .38 ಸ್ಪೆಷಲ್ ಅಲ್ಲ. ಅದರ ಕವಚ ಗಿಡ್ಡ, ದಪ್ಪ ತುಸು ಹೆಚ್ಚು, ಗುಂಡು 9.17 ಮಿಲಿಮೀಟರ್. .22 ಲಾಂಗ್ ರೈಫಲ್ ಅನ್ನು .22 ಮ್ಯಾಗ್ನಮ್ ಗೂಡಿಗೆ ಹಾಕುವುದೂ ತಪ್ಪೇ. ಇಲ್ಲಿ ತೆರಪು ಮುಂದೆ ಉಳಿಯದೆ ಕವಚದ ಸುತ್ತ ಉಳಿಯುತ್ತದೆ. ಬರೀ 0.4 ಮಿಲಿಮೀಟರ್ ಇರಬಹುದು, ಆದರೂ ತೆಳು ಹಿತ್ತಾಳೆ ಅಷ್ಟು ಅರಳಲಾರದೆ ಸೀಳಿ ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ. ಉದ್ದದ ತೆರಪನ್ನು ಕ್ಷಮಿಸುವ ಗೂಡು ಅಗಲದ ತೆರಪನ್ನು ಕ್ಷಮಿಸುವುದಿಲ್ಲ.

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಲ್ಲಿ ಮ್ಯಾಗ್ನಮ್ ರಿವಾಲ್ವರ್ ಸಿನಿಮಾದ ವಸ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗೆ ಹಂದಿ ನುಗ್ಗುವ ಊರುಗಳಲ್ಲಿ ಪರವಾನಗಿಯ ಆಯುಧ ಎಂದರೆ ನಯನಳಿಗೆಯ 12 ಬೋರ್ ಬಂದೂಕು. ಬೆಳೆ ರಕ್ಷಣೆಯ ಬಾಯಿತುಂಬು ಬಂದೂಕನ್ನೂ, ರಕ್ಷಣೆ-ಬೇಟೆಗಾಗಿ 20 ಇಂಚಿಗೆ ಕಡಿಮೆಯಿಲ್ಲದ ನಯನಳಿಗೆಯನ್ನೂ 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಪ್ರತ್ಯೇಕವಾಗಿ ಹೆಸರಿಸುತ್ತದೆ. ಚುನಾವಣೆ ಬಂದಾಗ ಠಾಣೆಯಲ್ಲಿ ಚೀಟಿ ಕಟ್ಟಿಸಿಕೊಂಡು ಒರಗುವ ಆಯುಧಗಳಲ್ಲಿ ಇವೂ ಸೇರಿವೆ. ಸಣ್ಣ ತೋಟಾ, ದೊಡ್ಡ ಗೂಡಿನ ಪ್ರಶ್ನೆ ಈ ಹಳೆಯ ಬಂದೂಕುಗಳಲ್ಲಿ ರಿವಾಲ್ವರಿಗಿಂತ ತೀಕ್ಷ್ಣವಾಗಿದೆ.

12 ಬೋರಿನ ಗೂಡುಗಳು 65, 70, 76 ಮಿಲಿಮೀಟರ್ ಉದ್ದದಲ್ಲಿ ಬರುತ್ತವೆ. ಕೊನೆಯದಕ್ಕೆ ಮ್ಯಾಗ್ನಮ್ ಎಂದೇ ಹೆಸರು. 76ರಲ್ಲಿ 65ರ ತೋಟಾ ಹಾರಿಸಿದರೆ ಚರೆ ಸ್ವಲ್ಪ ಚದುರಬಹುದು, ಅಷ್ಟೆ. ಉಲ್ಟಾ ಮಾಡಿದರೆ? ರಿವಾಲ್ವರಿನ ಗೂಡು ಉದ್ದ ತೋಟಾವನ್ನು ಬಾಗಿಲಲ್ಲೇ ತಡೆಯುತ್ತದೆ, ಬಂದೂಕು ತಡೆಯುವುದಿಲ್ಲ. ಚರೆ ತೋಟಾದ ಮೇಲೆ ಬರೆದಿರುವ ಅಳತೆ ಅದು ಹಾರಿದ ಮೇಲಿನ ಉದ್ದ. ಹಾರುವ ಮೊದಲು ಬಾಯಿ ಮಡಚಿರುವುದರಿಂದ 70ರ ತೋಟಾ 65ರ ಗೂಡಿನಲ್ಲಿ ಅಚ್ಚುಕಟ್ಟಾಗಿ ಕೂತುಬಿಡುತ್ತದೆ, ಬಂದೂಕು ಟಕ್ಕೆಂದು ಮುಚ್ಚಿಕೊಳ್ಳುತ್ತದೆ. ಟ್ರಿಗರ್ ಎಳೆದಾಗ ಮಡಿಕೆ ಬಿಚ್ಚಿ ಗೂಡಿನಾಚೆಯ ಇಕ್ಕಟ್ಟಿಗೆ ನುಗ್ಗುತ್ತದೆ, ಚರೆಗೆ ದಾರಿ ಕಿರಿದಾಗುತ್ತದೆ, ಒತ್ತಡ ಜಿಗಿಯುತ್ತದೆ. ಅಜ್ಜನ ಕಾಲದ ಬಂದೂಕಿಗೆ ಹೊಸ ತೋಟಾ ಕೊಳ್ಳುವವರು ಡಬ್ಬಿಯ ಮೇಲಿನ ಅಳತೆಯನ್ನು ನಳಿಗೆಯ ಕೆಳಗೆ ಕೆತ್ತಿದ ಅಳತೆಯೊಂದಿಗೆ ಹೋಲಿಸಿ ನೋಡಬೇಕಾದದ್ದು ಇದಕ್ಕೇ. ಕೆತ್ತನೆ ಅಳಿಸಿಹೋಗಿದ್ದರೆ ಬಂದೂಕು ದುರಸ್ತಿಗಾರರಿಂದ ಗೂಡನ್ನು ಅಳೆಸದೆ ಗತ್ಯಂತರವಿಲ್ಲ.

ಇನ್ನೊಂದು ಅವಘಡ ಇದಕ್ಕಿಂತ ಕೆಟ್ಟದ್ದು. 12 ಬೋರಿಗಿಂತ ಸಣ್ಣದಾದ 20 ಬೋರಿನ ತೋಟಾ ಕೈತಪ್ಪಿ 12ರ ನಳಿಗೆಗೆ ಬಿದ್ದರೆ ಗೂಡಿನಲ್ಲಿ ನಿಲ್ಲದೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಗೂಡು ಖಾಲಿಯಂತೆ ಕಾಣುತ್ತದೆ. ಮರೆತು 12ರ ತೋಟಾ ಹಾಕಿ ಹೊಡೆದರೆ ನಳಿಗೆ ಎಡಗೈಯ ಬಳಿಯೇ ಸಿಡಿಯುತ್ತದೆ. ಅನೇಕ ತಯಾರಕರು 20 ಬೋರಿನ ತೋಟಾಗಳಿಗೆ ಹಳದಿ ಬಣ್ಣ ಹಚ್ಚುವುದು ಗುರುತು ತಪ್ಪದಿರಲೆಂದು.

ಬಾಯಿತುಂಬು ಬಂದೂಕಿನ ಮೊದಲ ಕಾಲಕ್ಕೆ ಹೋದರೆ ತೋಟಾವೇ ಇಲ್ಲ, ಮದ್ದಿನ ಅಳತೆ ಹೊಡೆಯುವವರ ಕೈಯಲ್ಲೇ ಇತ್ತು. ಕೃಷ್ಣಾ-ತುಂಗಭದ್ರೆಗಳ ನಡುವಿನ ಈ ದೋಆಬ್ ಅಂಥ ಆಯುಧಗಳನ್ನು ಬೇಗನೆ ಕಂಡ ನೆಲ. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ ಬಳಿಕ ರಾಯಚೂರು ಕೋಟೆಯ ಮುತ್ತಿಗೆಯಲ್ಲಿ ಕ್ರಿಸ್ಟೋವಾವ್ ದ ಫಿಗೆರೇದೊ ಎಂಬ ಪೋರ್ಚುಗೀಸನ ಬಂದೂಕಿನ ತಂಡ ಗೋಡೆಯ ಮೇಲೆ ತಲೆ ಎತ್ತಿದವರನ್ನೆಲ್ಲ ಉರುಳಿಸಿ, ಕೆಳಗೆ ಕೋಟೆಯ ಕಲ್ಲು ಕೀಳುವವರಿಗೆ ಅನುವು ಮಾಡಿಕೊಟ್ಟಿತೆಂದು ಪೋರ್ಚುಗೀಸ್ ಬರಹಗಾರ ನುನಿಜ್ ದಾಖಲಿಸಿದ್ದಾನೆ. ಅಂಥ ನಳಿಗೆಯಲ್ಲಿ ಮದ್ದು ಕಡಿಮೆ ಹಾಕುವುದು ಅಪಾಯವಲ್ಲ. ಗುಂಡನ್ನು ಮದ್ದಿಗೆ ತಾಗುವಂತೆ ದಟ್ಟಿಸದೆ ನಡುವೆ ತೆರಪು ಬಿಡುವುದು ಅಪಾಯ. ಅನಿಲ ಆ ಖಾಲಿ ಜಾಗದಲ್ಲಿ ಓಡಿ ವೇಗ ಗಳಿಸಿ ನಿಂತ ಗುಂಡಿಗೆ ಬಡಿದಾಗ ಗುಂಡು ನಿಂತಲ್ಲೇ ನಳಿಗೆ ಉಬ್ಬುತ್ತದೆ. ಕಡಿಮೆ ಮದ್ದಿನಲ್ಲಿ ಕೆಲಸಮಾಡುವ ಗಿಡ್ಡ ತೋಪುಗಳಿಗೆ ಎರಕದವರು ಬುಡದಲ್ಲಿ ನಳಿಗೆಗಿಂತ ಕಿರಿದಾದ ಮದ್ದಿನ ಗೂಡು ಮಾಡುತ್ತಿದ್ದದ್ದು ಈ ಅನುಭವದಿಂದ: ಅಗಲ ನಳಿಗೆಯ ತಳದಲ್ಲಿ ಹಿಡಿ ಮದ್ದು ಚೆಲ್ಲಾಡದಿರಲಿ ಎಂದು.

ಪಕ್ಕದ ತೆರಪು ಮಾತ್ರ ಆ ಕಾಲದಲ್ಲಿ ಬೇಕೇ ಬೇಕಿತ್ತು. ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳ ಬ್ರೌನ್ ಬೆಸ್ ಬಂದೂಕಿನ ನಳಿಗೆ 19 ಮಿಲಿಮೀಟರ್, ಗುಂಡು 17.5. ಮಸಿ ಕಟ್ಟಿದ ನಳಿಗೆಗೂ ಗುಂಡು ಇಳಿಯಬೇಕಲ್ಲ. ಸೋರಿಹೋಗುವ ಅನಿಲ ಅದಕ್ಕೆ ತೆತ್ತ ಬೆಲೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ, ಲಿಂಗಸುಗೂರಿನ ಛಾವಣಿಯಲ್ಲಿ ಹೈದರಾಬಾದ್ ಕಂಟಿಂಜೆಂಟ್ ಪಡೆ ಬೀಡುಬಿಟ್ಟಿದ್ದ ಕಾಲಕ್ಕೆ, ಹಿತ್ತಾಳೆ ಕವಚ ಬಂದು ಈ ಸೋರಿಕೆಯನ್ನು ಮುಚ್ಚಿತು. ಬ್ರಿಟಿಷ್ ಅಧಿಕಾರಿಗಳು ರಿವಾಲ್ವರನ್ನು ಸ್ವಂತ ಹಣದಲ್ಲೇ ಕೊಳ್ಳುತ್ತಿದ್ದ ಆ ದಿನಗಳ ಕೆಲವು ವೆಬ್ಲಿಗಳ ಮೇಲೆ 455/476 ಎಂಬ ಎರಡು ಅಂಕಿಗಳ ಮುದ್ರೆ ಇದೆ. ಎರಡು ಬಗೆಯ ತೋಟಾ ಒಂದೇ ಗೂಡಿನಲ್ಲಿ ನಡೆಯುತ್ತದೆ ಎಂದು ತಯಾರಕರೇ ಕೊಟ್ಟ ಮಾತು ಅದು; .357ಕ್ಕೆ ನಾಲ್ಕು ದಶಕ ಮೊದಲಿನದು.

ಲಿಂಗಸುಗೂರು ತಾಲೂಕಿನಲ್ಲೇ ಸಣ್ಣ ತೋಟಾವನ್ನು ದೊಡ್ಡ ಗೂಡಿಗೆ ಹಾಕುವುದು ದಿನಗೆಲಸವಾಗಿರುವ ಜಾಗ ಒಂದಿದೆ: ಹಟ್ಟಿಯ ಚಿನ್ನದ ಗಣಿ. ಹಟ್ಟಿ-ಮಸ್ಕಿ ಶಿಲಾಪಟ್ಟಿಯಲ್ಲಿ ಸುಮಾರು 2000 ವರ್ಷಗಳ ಹಿಂದೆಯೇ ಬಂಡೆಗೆ ಬೆಂಕಿ ಹಾಕಿ ಸೀಳಿ ಚಿನ್ನ ತೆಗೆದವರಿದ್ದರು. 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನವನ್ನು ಕಂಡ ಬೀಡನ್ ಕೂಡ ಚಿನ್ನ ಹುಡುಕಿ ಬಂದ ಗಣಿ ಎಂಜಿನಿಯರೇ. ಈಗಿನ ಕಂಪನಿ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಆರಂಭವಾಗಿ 1972ರಲ್ಲಿ ಹಟ್ಟಿಯ ಹೆಸರು ಪಡೆಯಿತು.

ಇಂಥ ನೆಲದಡಿಯ ಗಣಿಯಲ್ಲಿ ಬಂಡೆಗೆ ಕೊರೆದ ತೂತೇ ಗೂಡು. ಅದುರು ಒಡೆಯಬೇಕಾದ ನಡುಭಾಗದ ತೂತುಗಳಿಗೆ ಸಿಡಿಮದ್ದು ಗೋಡೆಗೆ ಒತ್ತಿಕೊಳ್ಳುವಂತೆ ತುಂಬುತ್ತಾರೆ. ಸುರಂಗದ ಅಂಚಿನ ತೂತುಗಳಲ್ಲಿ ಹಾಗೆ ಮಾಡಿದರೆ ಉಳಿಯಬೇಕಾದ ಗೋಡೆ, ಚಾವಣಿಗಳೂ ಬಿರಿಯುತ್ತವೆ. ಚಾವಣಿ ಬಿರಿದರೆ ಕೆಳಗೆ ದುಡಿಯುವವರಿಗೆ ಅಪಾಯ. ಜೊತೆಗೆ ಟನ್ನಿಗೆ ಕೆಲವೇ ಗ್ರಾಂ ಚಿನ್ನವಿರುವ ಅದುರಿಗೆ ಬರಿಗಲ್ಲು ಬೆರೆತು ಅದರ ದರ್ಜೆ ಇಳಿಯುತ್ತದೆ, ಬರಿಗಲ್ಲನ್ನು ಎತ್ತಿ ಅರೆಯುವ ಖರ್ಚು ಕಂಪನಿಯ ತಲೆಗೆ. ಆದ್ದರಿಂದ ಅಂಚಿನ ತೂತಿಗೆ ತೂತಿಗಿಂತ ತೆಳುವಾದ ತೋಟಾ ಹಾಕಿ ಸುತ್ತ ತೆರಪು ಬಿಡುತ್ತಾರೆ. ಸಿಡಿಮದ್ದು ಬಂದೂಕಿನ ಮದ್ದಿನಂತೆ ಉರಿಯುವುದಿಲ್ಲ. ಅದರ ಆಸ್ಫೋಟದ ಅಲೆ ಸೆಕೆಂಡಿಗೆ ಸಾವಿರಾರು ಮೀಟರ್ ವೇಗದಲ್ಲಿ ಹಾಯುತ್ತದೆ, ಒತ್ತಡ ಬಂದೂಕಿನದಕ್ಕಿಂತ ಹತ್ತಾರು ಪಟ್ಟು. ಅನಿಲ ಮೊದಲು ಸುತ್ತಲಿನ ಗಾಳಿಯ ತೆರಪಿಗೆ ಹಿಗ್ಗುವುದರಿಂದ ಬಂಡೆಗೆ ತಾಗುವ ಹೊತ್ತಿಗೆ ಒತ್ತಡ ಬಹಳ ಇಳಿದಿರುತ್ತದೆ. ಆಗ ಅದು ಬಂಡೆಯನ್ನು ನುಚ್ಚು ಮಾಡದೆ ತೂತಿನಿಂದ ತೂತಿಗೆ ಒಂದೇ ಸೀಳು ಎಳೆಯುತ್ತದೆ. ಕೆಲಸ ಸರಿಯಾಗಿದ್ದರೆ ಗೋಡೆಯ ಮೇಲೆ ಕೊರೆದ ತೂತಿನ ಅರ್ಧ ಅಚ್ಚು ಹಾಗೇ ಉಳಿದಿರುತ್ತದೆ. ಎಷ್ಟು ಅಚ್ಚು ಉಳಿದಿವೆ ಎಂದು ಎಣಿಸಿ ಸ್ಫೋಟದ ಗುಣಮಟ್ಟ ಅಳೆಯುವುದು ಗಣಿಗಳಲ್ಲಿ ರೂಢಿ.

ರಿವಾಲ್ವರಿನಲ್ಲಿ ಅಗಲದ ತೆರಪು ಕವಚ ಸೀಳುತ್ತದೆ, ಬಂಡೆಯಲ್ಲಿ ಅದೇ ತೆರಪು ಗೋಡೆ ಉಳಿಸುತ್ತದೆ. ಇಲ್ಲಿಯೂ ಕೆಳಗಿನ ಮಿತಿಯೊಂದು ಇದ್ದೇ ಇದೆ. ತೆರಪು ಹೆಚ್ಚಾದರೆ ಅದರಲ್ಲಿ ಓಡುವ ಅನಿಲದ ಅಲೆ ಆಸ್ಫೋಟಕ್ಕಿಂತ ಮುಂದಾಗಿ, ಇನ್ನೂ ಸಿಡಿಯದ ತೋಟಾವನ್ನು ಹಿಚುಕಿ ಜಡಗೊಳಿಸಬಹುದು. ಆಗ ತೂತಿನ ಒಂದು ಭಾಗ ಸಿಡಿದು ಉಳಿದ ಮದ್ದು ಬಂಡೆಯಲ್ಲೇ ಉಳಿಯುತ್ತದೆ. ಆದ್ದರಿಂದ ಸ್ಫೋಟದ ಬಳಿಕ ಹೊಗೆ ಹೋದ ಮೇಲೆ ಮೊದಲು ಒಳಗೆ ಹೋಗುವವರ ಕೆಲಸ ಅದುರು ಎತ್ತುವುದಲ್ಲ. ಹಾರದೆ ಉಳಿದ ತೂತುಗಳನ್ನು ಹುಡುಕಿ ಗುರುತು ಹಾಕಬೇಕು, ಅವುಗಳ ತಳದಲ್ಲಿ ಯಾರೂ ಮತ್ತೆ ಕೊರೆಯದಂತೆ ನೋಡಿಕೊಳ್ಳಬೇಕು.